ಬೆಳಗಿದ ಕುಟ್ಟಾಣಿ

ಅತ್ತಿಗೆ, ಅವ್ವ ರಕ್ತ ಕಾರಿದ್ದು ನಿಮ್ಮ ಕೈಯ ಖಾರದಿಂದ ಎಂದು ಮಾನ್ವಿಯ ನಮ್ಮ ಓಣಿ ಇಂದಿಗೂ ಹೇಳುತ್ತದೆ. ದೇವದುರ್ಗದ ಹೆಣ್ಣು, ಚಟ್ನಿಗೆ ಮುಷ್ಟಿಗಟ್ಟಲೆ ಮೆಣಸಿನಕಾಯಿ ಹಾಕುತ್ತಿದ್ದಳು ಎಂದು. ಇದಕ್ಕೆ ಆಧಾರವೇನು? ಅದೇ ಚಟ್ನಿ ನಾವೆಲ್ಲ ತಿಂದಿದ್ದೆವಲ್ಲ, ಯಾರಿಗೇನಾಗಿತ್ತು? ಯಾರೂ ಕೇಳಲಿಲ್ಲ. ಮಾತುಮಾತಿಗೆ ಆಧಾರ ಕೇಳುತ್ತಿದ್ದ ನಾನೂ ಕೇಳಲಿಲ್ಲ — ಅವ್ವನ ಹೊಟ್ಟೆ ಸುಟ್ಟವನು ನಾನೇ ಆಗಿದ್ದೆ.

ಎಪ್ಪತ್ತರ ದಶಕದ ಕೊನೆ. ರಾಯಚೂರಿನ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬೀಗುತ್ತ ರಜೆಗೆ ಊರಿಗೆ ಬಂದಿದ್ದೆ. ಅವ್ವನ ಕಾಲು ಊದಿದ್ದಕ್ಕೆ ಡಾಕ್ಟರು ಮೂತ್ರ ಇಳಿಯುವ ಗುಳಿಗೆ ಕೊಟ್ಟಿದ್ದರು. ಅದರಿಂದ ಮೈಯ ಪೊಟ್ಯಾಸಿಯಂ ಸೋರಿಹೋಗುತ್ತದೆಂದು ಇನ್ನೊಂದು ಔಷಧ — ನೀರಲ್ಲಿ ಕದಡಿ, ಊಟದ ಮೇಲೆ ನಿಧಾನ ಕುಡಿಯುವಂಥದ್ದು.

'ಇದೇನ್ ಔಷಧನೋ, ಸವಳು ಬಾವಿ ನೀರೋ?' ಎಂದು ಅವ್ವ ಮುಖ ಕಿವುಚುತ್ತಿದ್ದಳು. ನಾನೇ ಡಾಕ್ಟರೊಡನೆ ವಾದಿಸಿ ಅದರ ಬದಲು ಅದೇ ಪೊಟ್ಯಾಸಿಯಂನ ಗುಳಿಗೆ ಬರೆಸಿದೆ. ಇಡಿಯಾಗಿ ನುಂಗಬೇಕು, ಪುಡಿ ಮಾಡಲೇಬಾರದು ಎಂದು ಅವರು ನನಗೆ ಹೇಳಿ ಕಳಿಸಿದರು.

ಆ ದಪ್ಪ ಗುಳಿಗೆ ಅವ್ವನ ಗಂಟಲಲ್ಲಿ ಇಳಿಯಲಿಲ್ಲ. 'ತಮ್ಮಾ, ಆ ನೀರ್ ಔಷಧಾನ ತರೂಣು. ಇನ್ನಷ್ಟ್ ನೀರ್ ಬೆರಸಿ ನಾ ಕುಡಸ್ತೀನಿ' ಎಂದಿರಿ ನೀವು.

'ಎರಡೂ ಒಂದ ಔಷಧ ಅದ ಅತ್ತಿಗಿ. ಹೊಟ್ಟ್ಯಾಗ ಹೋದ್ ಮ್ಯಾಲ ಎಲ್ಲಾ ಕರಗೂದ ಅಲ್ಲೇನ್ರಿ?'

ಅವ್ವ ನಕ್ಕಳು. ನನ್ನ ಮಗ ವಕೀಲ ಆಗುತ್ತಾನೆ ಅಂದಳು. ನೀವು ಸುಮ್ಮನಾದಿರಿ; ಅದನ್ನೇ ನಾನು ಗೆಲುವೆಂದುಕೊಂಡೆ. ಗೆದ್ದವನು ಮತ್ತೆ ನೀರೌಷಧ ತರುವುದು ಹೇಗೆ? ಅಡಕೆ ಕುಟ್ಟುವ ಅವ್ವನ ಹಿತ್ತಾಳೆ ಕುಟ್ಟಾಣಿಯಲ್ಲಿ, ನೀವಿಲ್ಲದ ಹೊತ್ತು ನೋಡಿ, ಗುಳಿಗೆ ಕುಟ್ಟತೊಡಗಿದೆ. ಒಂದೇ ಗುಟುಕು ನೀರಲ್ಲಿ ಕುಡಿಸಿದೆ. ಇಡಿಯಾಗಿ ನುಂಗಿದ ಗುಳಿಗೆ ತಾಸುಗಟ್ಟಲೆ ಸ್ವಲ್ಪಸ್ವಲ್ಪವೇ ಬಿಡಬೇಕಾದ ಪೊಟ್ಯಾಸಿಯಂ ಉಪ್ಪು ಒಂದೇ ಸಲಕ್ಕೆ... ಹೊಟ್ಟೆ ಉರಿಯುತ್ತದೆ ಎಂದು ಅವ್ವ ಹೇಳಿದ ದಿನವೂ ನಿಲ್ಲಿಸಲಿಲ್ಲ. ಸಂಶಯವೇ ಸ್ವಭಾವವೆಂದು ಹೇಳಿಕೊಳ್ಳುತ್ತಿದ್ದವನಿಗೆ ತನ್ನ ಮೇಲೆ ಮಾತ್ರ ಸಂಶಯ ಬರಲಿಲ್ಲ.

ಅವ್ವ ರಕ್ತ ಕಾರಿದ ದಿನ ರಾಯಚೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ — 'ಗುಳಿಗಿ ಇಡಿಯಾಗೇ ನುಂಗಸ್ತಿದ್ರೇನು?'

'ಹೌದ್ರಿ' ಅಂದೆ.

ಮಂಚದ ಮೇಲಿಂದ ಅವ್ವ ನನ್ನನ್ನೇ ನೋಡಿದಳು. ಬಾಯಿ ಬಿಡಲಿಲ್ಲ. ಹಾಗಾದರೆ ಏನು ತಿಂದಿದ್ದಳು ಎಂಬ ಮಾತು ಬಂತು. 'ಮನ್ಯಾಗ ಖಾರ ಭಾಳ್ರಿ' ಎಂದ ಅಣ್ಣ. ನಿಮ್ಮನ್ನು ಮರುವಾರವೇ ತವರಿಗೆ ಕಳಿಸಿದ. ತಿರುಗಿ ಬಂದ ಮೇಲೂ ಅವ್ವನ ತಟ್ಟೆಗೆ ನಿಮ್ಮ ಕೈ ತಾಗಬಾರದೆಂದ — ಆಕೆ ತೀರಿಹೋಗುವ ತನಕ. ನಾನು ಆ ತಟ್ಟೆಯ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದೆ. ಯಾವ ಹೊತ್ತಿಗೆ ಯಾರು ಏನು ಕೇಳಿಬಿಡುತ್ತಾರೋ ಎಂದು, ತುತ್ತು ತುತ್ತಿಗೂ...

ಅಣ್ಣನ ಮುಂದೆ, ಓಣಿಯ ಮುಂದೆ ಇದನ್ನು ಹೇಳಲಿದ್ದೇನೆ. ಅದಕ್ಕೂ ಮೊದಲು ನಿಮ್ಮನ್ನೊಂದು ಕೇಳಬೇಕು. ಅಂದು ಅವ್ವನನ್ನು ಆಸ್ಪತ್ರೆಯಲ್ಲಿ ಬಿಟ್ಟು, ಬಟ್ಟೆ ತರುವ ನೆಪ ಹೇಳಿ, ನಾನು ಬಸ್ಸು ಹತ್ತಿ ಬಂದದ್ದು ಕುಟ್ಟಾಣಿಯ ತಳದಲ್ಲಿ ಅಂಟಿದ್ದ ಬಿಳಿ ಪುಡಿ ತೊಳೆಯಲು. ಬಂದು ನೋಡಿದರೆ ಕುಟ್ಟಾಣಿ ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗಿ, ಬೋರಲು ಹಾಕಿತ್ತು. ಮನೆಯಲ್ಲಿ ನೀವೊಬ್ಬರೇ ಇದ್ದಿರಿ.

ಆ ಪುಡಿ ನೋಡಿದ್ದಿರೇ, ಅತ್ತಿಗೆ? ನೋಡಿದ್ದರೆ — ಯಾಕೆ ತೊಳೆದಿರಿ?