ಕಾಕಾರಿಗೆ ಮರೆವು ಇರಲಿಲ್ಲ

೧೯೮೬ರಲ್ಲಿ, ಒಂಬತ್ತನೆಯ ಇಯತ್ತೆಯ ನಡುವೆ, ನಾನು ಶಾಲೆ ಬಿಟ್ಟೆ. ೨೦೦೪ರಲ್ಲಿ, ನೆಟ್ಟಗಿದ್ದ ಒಬ್ಬ ಹಿರಿಯರಿಗೆ ಮರೆವಿನ ರೋಗ ಹತ್ತಿದೆ ಎಂದು ಅವರ ಮನೆಯವರು ನಂಬುವಂತೆ ಮಾಡಿದೆ. ಮೊದಲನೆಯದನ್ನು ಎದೆಯುಬ್ಬಿಸಿ ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಎರಡನೆಯದನ್ನು ಯಾರಿಗೂ ಹೇಳಿಲ್ಲ — ನನ್ನ ಹೆಂಡತಿಗೂ.

ಆ ಹಿರಿಯರು ಗೋವಿಂದ ಕಾಕಾ. ವಿಜಾಪುರದ ಕಡೆಯವರು, ಪುಣೆಯ ಸರಕಾರಿ ಕಚೇರಿಯೊಂದರಲ್ಲಿ ಹೆಡ್‌ಕ್ಲಾರ್ಕ್ ಆಗಿ ನಿವೃತ್ತರಾದವರು. ನನಗೆ ರಕ್ತಸಂಬಂಧವಲ್ಲ, ನಮ್ಮ ಕಡೆಯ ಕನ್ನಡ ಮನೆತನಗಳಿಗೆಲ್ಲ ಅವರು ಕಾಕಾ. ಕನ್ಯೆ-ವರ ಹುಡುಕಿಕೊಡುವುದು ಅವರು ತಾವಾಗಿ ಹೊತ್ತುಕೊಂಡ ಕೆಲಸ. ಭಾನುವಾರ ಬೆಳಗಾದರೆ ಕೋಥರೂಡದ ಅವರ ಮನೆಯ ಮೆಟ್ಟಿಲ ಮೇಲೆ ಚಪ್ಪಲಿ ಇಡಲು ಜಾಗ ಇರುತ್ತಿರಲಿಲ್ಲ. ಜನ ಬರುತ್ತಿದ್ದುದು ಅವರ ನೆನಪನ್ನು ನಂಬಿ. "ನಿಮ್ಮ ಅಜ್ಜಾರು ದತ್ತಕ ಹೋದವರಲ್ಲೇನ್ರಿ? ಹುಟ್ಟಿದ ಮನೀ ಗೋತ್ರ ಬ್ಯಾರೆ. ಈ ಸಂಬಂಧ ಬ್ಯಾಡ್ರಿ, ಸಗೋತ್ರ ಆಗ್ತದ" — ಎಂದುಬಿಡುತ್ತಿದ್ದರು. ಕೇಳಿದವರಿಗೇ ತಮ್ಮ ಅಜ್ಜನ ಕಥೆ ಮರೆತಿರುತ್ತಿತ್ತು.

ನನಗೂ ಹೆಣ್ಣು ಹುಡುಕಿದವರು ಅವರೇ. ಹುಡುಗ ಓದಿಲ್ಲ ಎಂದು ಬೀಗರು ಮುಖ ತಿರುವಿದಾಗ, "ಅವನ ವಿದ್ಯಾ ಕೈಯಾಗ ಅದ, ಕಾಗದದಾಗ ಇಲ್ಲ ಅಷ್ಟ" ಅಂದರಂತೆ. ರೇಡಿಯೊ ರಿಪೇರಿಯಿಂದ ಟಿವಿಗೆ, ಟಿವಿಯಿಂದ ಕಂಪ್ಯೂಟರಿಗೆ ನಾನು ನಡೆದು ಬಂದದ್ದು ಆ ಒಂದು ಮಾತಿನ ಬಲದಿಂದ. ಆದರೆ ಆ ಮಾತೇ ನನ್ನ ತಲೆಗೂ ಏರಿತ್ತು.

ಕಾಕಾರ ಮನೆಯಲ್ಲಿ ಎರಡು ಕಂಪ್ಯೂಟರ್. ಕೆಳಗೆ ಅವರದು, ಅದರಲ್ಲಿ ಕನ್ಯೆ-ವರರ ಪಟ್ಟಿಯ ಫೋಲ್ಡರ್. ಮೇಲಿನ ಮಹಡಿಯಲ್ಲಿ ಸೊಸೆ ವೀಣಾ ವೈನಿಯದು, ಅದಕ್ಕೆ ಸ್ಕ್ಯಾನರ್. ವೈನಿ ಮೇಲೆ ಕೂತು ಫೋಟೊಗಳನ್ನು ನೇರವಾಗಿ ಕಾಕಾರ ಫೋಲ್ಡರಿಗೆ ಹಾಕುವಂತೆ ಎರಡನ್ನೂ ಜೋಡಿಸಿಕೊಡುವ ಕೆಲಸ ನನ್ನದು. ಕಾಕಾ ಒಂದೇ ಕರಾರು ಹಾಕಿದರು: "ಪಾಸ್‌ವರ್ಡ್ ಗೀಸ್‌ವರ್ಡ್ ಇಡಬ್ಯಾಡಪಾ. ಮನಿಯೊಳಗ ಕೀಲಿ ಯಾಕ?"

ತಂತಿ ಎಳೆದೆ. ಮೇಲಿನ ಕಂಪ್ಯೂಟರಿನಲ್ಲಿ ಕೆಳಗಿನದರ ಹೆಸರು ಕಂಡಿತು, ಫೋಲ್ಡರೂ ಕಂಡಿತು — ತೆರೆಯಲು ಹೋದರೆ ಅನುಮತಿ ಇಲ್ಲ ಎನ್ನುವ ಇಂಗ್ಲಿಷ್ ಪೆಟ್ಟಿಗೆ. ತಂತಿ ಬದಲಿಸಿದೆ. ಎರಡರ ಗುಂಪಿನ ಹೆಸರೂ ಒಂದೇ ಇದೆಯೇ ನೋಡಿದೆ, ಇತ್ತು. ಫೈರ್‌ವಾಲ್ ಎನ್ನುವ ಕಾವಲಿನ ಗೋಡೆ ಇಳಿಸಿ ನೋಡಿದೆ. ಎರಡು ಭಾನುವಾರ ಹೋದವು. ಮೆಟ್ಟಿಲು ಹತ್ತಿ ಇಳಿದು ಮೊಣಕಾಲು ನೋಯುತ್ತಿತ್ತು.

ಕಾಕಾರ ಮಗ ರಾಘಣ್ಣ ಇಂಜಿನಿಯರ್, ಚಾಕಣದ ಕಾರಿನ ಬಿಡಿಭಾಗದ ಕಾರಖಾನೆಯಲ್ಲಿ. ಮೂರನೆಯ ಭಾನುವಾರ ಬಾಗಿಲಲ್ಲಿ ನಿಂತು ಕೇಳಿದ: "ವೆಂಕಟೇಶ, ನಮ್ಮ ಕಂಪನಿಯೊಳಗ ಇದನ್ನ ಮಾಡೋ ಹುಡುಗ ಇದ್ದಾನ. ಡಿಪ್ಲೊಮಾ ಆಗ್ಯದ. ಕರಸಲೇನ?"

ನಾನು ಬಾಯಿ ತೆಗೆಯುವ ಮೊದಲೇ ಕಾಕಾ ಅಂದರು: "ಡಿಪ್ಲೊಮಾ ಬಂದು ತಂತಿ ಹಿಡೀತದೇನೋ? ಸುಮ್ನಿರು. ನಮ್ಮ ವೆಂಕಟ್ಯಾ ಮಾಡ್ತಾನ."

ಆ ದಿನವೇ ಸಿಕ್ಕಿತು. ಕಾಕಾರ ಹೆಸರಿಗೆ ಪಾಸ್‌ವರ್ಡ್ ಇಲ್ಲ. ಪಾಸ್‌ವರ್ಡ್ ಇಲ್ಲದ ಹೆಸರನ್ನು ಹಿಡಿದು ತಂತಿಯ ಮೂಲಕ ಬಂದವರನ್ನು ಆ ಯಂತ್ರ ಒಳಗೆ ಬಿಡುವುದಿಲ್ಲ. ಇಟ್ಟರೆ ಆಯಿತು. ಹೇಳಿದರೆ ಕಾಕಾ ಬೇಡ ಅನ್ನುತ್ತಾರೆ, ಬೇರೆ ದಾರಿ ನನಗೆ ಗೊತ್ತಿಲ್ಲ, ಬಾಗಿಲಲ್ಲಿ ರಾಘಣ್ಣ. ಗುಟ್ಟಾಗಿ ಒಂದು ಪಾಸ್‌ವರ್ಡ್ ಇಟ್ಟೆ. ಅದನ್ನು ಮೇಲಿನ ಯಂತ್ರಕ್ಕೆ ಒಮ್ಮೆ ಕಲಿಸಿದೆ. ಕೆಳಗಿನದು ಶುರುವಾಗುವಾಗ ಅದನ್ನು ಕೇಳದ ಹಾಗೆ ಮಾಡಿದೆ. ಮೇಲಿನಿಂದ ಫೋಲ್ಡರ್ ತೆರೆದುಕೊಂಡಿತು. ವೈನಿ ಚಪ್ಪಾಳೆ ತಟ್ಟಿದರು. ಕಾಕಾ ಮಗನ ಕಡೆ ನೋಡಿದ ನೋಟ — ಅದನ್ನು ನೋಡಿದ ಮೇಲೆ ನಿಜ ಹೇಳುವುದು ನನ್ನಿಂದ ಆಗಲಿಲ್ಲ.

"ಏನೂ ಬದಲಾಗಿಲ್ರಿ ಕಾಕಾ. ಮೊದಲಿನಂಗ ಹಚ್ರಿ" ಅಂದೆ.

ಒಂದನ್ನು ನಾನು ಯೋಚಿಸಿರಲಿಲ್ಲ. ಕಾಲು ಗಂಟೆ ಮುಟ್ಟದೆ ಬಿಟ್ಟರೆ ಕಾಕಾರ ಪರದೆಯ ಮೇಲೆ ಮೀನುಗಳ ಚಿತ್ರ ಬರುತ್ತಿತ್ತು. ತಿರುಗಿ ಮುಟ್ಟಿದಾಗ ಮೊದಲೆಲ್ಲ ತಮ್ಮ ಹೆಸರಿನ ಮೇಲೆ ಒತ್ತಿದರೆ ಸಾಕು, ಒಳಗೆ ಹೋಗುತ್ತಿತ್ತು. ಈಗ ಪಾಸ್‌ವರ್ಡ್ ಕೇಳತೊಡಗಿತು. ಅವರು ಬಂದ ಮಂದಿಯೊಡನೆ ಮಾತಾಡಿ ತಿರುಗಿದರೆ — ಕೇಳುತ್ತಿದೆ. ತಮಗೆ ಗೊತ್ತೇ ಇಲ್ಲದ್ದನ್ನು ಕೇಳುತ್ತಿದೆ. ಅವರು ಗಾಬರಿಯಾಗಿ ಸ್ವಿಚ್ ಆರಿಸಿ ಹಚ್ಚುತ್ತಿದ್ದರು. ವೈನಿ ಮೇಲಿನಿಂದ ಇಳಿದು ಬರುವಷ್ಟರಲ್ಲಿ ಅದು ಏನೂ ಕೇಳದೆ ತೆರೆದುಕೊಂಡು ಕೂತಿರುತ್ತಿತ್ತು.

"ಎಲ್ಲಿ ಕೇಳ್ತದ್ರಿ ಮಾವಾರ?"

"ಈಗ ಕೇಳಿತ್ತಲ್ಲವಾ... ಇಲ್ಲೇ."

ಒಂದು ಸಲವಲ್ಲ, ಐದಾರು ಸಲ. ಆಮೇಲೆ ಮನೆಯವರು ಬೇರೆಯವನ್ನೂ ಗಮನಿಸತೊಡಗಿದರು: ಕನ್ನಡಕ ಎಲ್ಲಿಟ್ಟರು, ನಲ್ಲಿ ಬಂದ್ ಮಾಡಿದರೇ. ಎಪ್ಪತ್ತು ದಾಟಿದ ಯಾರ ಮನೆಯಲ್ಲಿ ಇವು ಇಲ್ಲ? ಕೊನೆಗೆ ಸೊಲ್ಲಾಪುರದಿಂದ ಬಂದ ಬೀಗರ ಎದುರು ಹೀಗೇ ಆಗಿ, ಕಾಕಾ ಯಂತ್ರದ ಮುಂದೆ ತಬ್ಬಿಬ್ಬಾಗಿ ನಿಂತ ದಿನ ರಾಘಣ್ಣ ನನಗೆ ಫೋನ್ ಮಾಡಿದ.

ಹೋಗಿ ಯಂತ್ರದ ಮುಂದೆ ಕೂತ ಕ್ಷಣದಲ್ಲಿ ತಿಳಿಯಿತು: ಅದು ಕೇಳುತ್ತಿದ್ದುದು ನಾನಿಟ್ಟ ಪಾಸ್‌ವರ್ಡನ್ನೇ. ಬೆನ್ನ ಹಿಂದೆ ರಾಘಣ್ಣ ಕೈಕಟ್ಟಿ ನಿಂತಿದ್ದ. "ನೇರ ಕೇಳ್ತೀನಿ. ನೀ ಏನರ ಮಾಡಿಟ್ಟೀಯೇನು? ಇಲ್ಲಾ ಅಪ್ಪನ್ನ ಡಾಕ್ಟರಿಗೆ ತೋರಸಬೇಕೇನು?"

ಎರಡು ದಾರಿಗಳನ್ನೂ ಅವನೇ ನನ್ನ ಮುಂದೆ ಬಿಚ್ಚಿಟ್ಟಿದ್ದ. ಗೊತ್ತಿದ್ದೂ —

"ಮಷಿನ್ನಿನಾಗ ಏನೂ ಇಲ್ರಿ. ಕಾಕಾರಿಗೆ ವಯಸ್ಸಾತು. ಹಂಗ ಅನಿಸಿರಬೇಕು."

ಕಾಕಾ ಪಕ್ಕದ ಕುರ್ಚಿಯಲ್ಲೇ ಇದ್ದರು. ನನ್ನನ್ನು ನೋಡಲಿಲ್ಲ, ಪರದೆಯನ್ನೇ ನೋಡುತ್ತಿದ್ದರು. "ಹೌದೇನು?" ಅಂದರು. ಆಮೇಲೆ, "ಹಂಗಾರ ನನಗ ಕಂಡದ್ದು ಏನು?" ಅಂದರು.

ರಾಘಣ್ಣ ಚಹಾ ಹೇಳಲು ಒಳಗೆ ಹೋದಾಗ, ಕಾಕಾ ಕನ್ನಡಕ ತೆಗೆದು ಒರೆಸುತ್ತಿದ್ದಾಗ, ನಾನು ಆ ಮೀನಿನ ಚಿತ್ರದ ಸೆಟ್ಟಿಂಗಿನಲ್ಲಿ 'ತಿರುಗಿ ಮುಟ್ಟಿದಾಗ ಪಾಸ್‌ವರ್ಡ್ ಕೇಳು' ಎನ್ನುವ ಗುರುತನ್ನು ಅಳಿಸಿದೆ. ಅಂದಿನಿಂದ ಯಂತ್ರ ಪಾಸ್‌ವರ್ಡ್ ಕೇಳಲೇ ಇಲ್ಲ. ತಪ್ಪನ್ನು ಸರಿಪಡಿಸಿದೆ ಅಂದುಕೊಂಡಿದ್ದೆ. ಅದು ಕೇಳದೇ ಹೋದದ್ದೇ ಕಾಕಾರ ವಿರುದ್ಧದ ಸಾಕ್ಷಿಯಾಯಿತು.

ಆಮೇಲೆ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಗೋತ್ರ ಕೇಳಿದರೆ ಥಟ್ಟನೆ ಹೇಳುತ್ತಿದ್ದವರು "ತಡೀರಿ, ನೋಡಿ ಹೇಳ್ತೀನಿ" ಅನ್ನತೊಡಗಿದರು. ಗುಳಿಗೆ ತಗೊಂಡೆನೇ ಎಂದು ವೈನಿಯನ್ನು ಎರಡೆರಡು ಸಲ ಕೇಳುವುದು. ಕಿಸೆಯ ತುಂಬ ಚೀಟಿಗಳು. ಒಬ್ಬರೇ ಬಸ್ಸು ಹತ್ತಿ ಜೇಜುರಿಯ ಗುಡಿಗೆ ಹೋಗಿಬರುತ್ತಿದ್ದವರನ್ನು ರಾಘಣ್ಣ ಒಬ್ಬರನ್ನೇ ಕಳಿಸುವುದನ್ನು ನಿಲ್ಲಿಸಿದ. ವರ್ಷ ತುಂಬುವುದರೊಳಗೆ ಪಟ್ಟಿ ಬೇರೆಯವರ ಕೈಗೆ ಹೋಯಿತು. "ಮಂದಿ ಮಕ್ಕಳ ಬಾಳುವೆ ಅದ. ತಪ್ಪು ಹೇಳಿದ್ರ ಯಾರು ಜವಾಬ್ದಾರ?" ಎಂದು ಅವರೇ ಕೊಟ್ಟುಬಿಟ್ಟರು.

ಒಂದು ಮಧ್ಯಾಹ್ನ ಕಾಕಾ ನನ್ನ ಅಂಗಡಿಗೆ ಬಂದರು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಸ್ಟೂಲಿನ ಮೇಲೆ ಕೂತು, ಬೆವರು ಒರೆಸಿಕೊಂಡು, ಮೆಲ್ಲಗೆ ಕೇಳಿದರು:

"ವೆಂಕಟ್ಯಾ, ಖರೇ ಹೇಳು. ನಾ ಸಿಟ್ಟಾಗಂಗಿಲ್ಲ. ನೀ ಏನರ ಪಾಸ್‌ವರ್ಡ್ ಇಟ್ಟಿದ್ದೇನು?"

ನಾ ಸಿಟ್ಟಾಗಂಗಿಲ್ಲ — ಅಂದರು ಅವರು. ಬೇಡಿಕೊಂಡ ಹಾಗಿತ್ತು ಆ ದನಿ. ನನ್ನಂಥವನ ಮುಂದೆ.

"ಇಲ್ಲರಿ ಕಾಕಾ" ಅಂದೆ.

ತಲೆಯಾಡಿಸಿದರು. ಸ್ಕೂಟರಿನ ಮೇಲೆ ಮನೆಗೆ ಬಿಡಲು ಹೋದೆ. ದಾರಿಯುದ್ದಕ್ಕೂ ನನ್ನ ಹೆಗಲ ಮೇಲೆ ಅವರ ಕೈ ಇತ್ತು. ಮನೆಯಲ್ಲಿ ಹೇಳದೆ ಬಂದಿದ್ದರಂತೆ. ವೈನಿ ಓಣಿಯೆಲ್ಲ ಹುಡುಕಿ ಅಳುತ್ತಿದ್ದರು. "ಭಾಳ ಉಪಕಾರ ಆತು ನೋಡ್ರಿ. ನೀವು ಕರಕೊಂಡು ಬರಲಿಲ್ಲಂದ್ರ ಎಲ್ಲಿ ಹೋಗ್ತಿದ್ರೋ" ಎಂದು ಕೈಮುಗಿದರು. ಆ ನಮಸ್ಕಾರವನ್ನೂ ತಗೊಂಡೆ. ಚಹಾ ಕುಡಿದು ಬಂದೆ.

೨೦೦೯ರಲ್ಲಿ ಕಾಕಾ ಹೃದಯ ನಿಂತು ಹೋದರು. ಅದಕ್ಕೆ ಕೆಲವು ದಿನ ಮೊದಲು ಹೆಂಡತಿಯನ್ನು ಕರೆದುಕೊಂಡು ನೋಡಲು ಹೋಗಿದ್ದೆ. ಅವಳ ತವರಿನ ನಾಲ್ಕು ತಲೆಮಾರು, ಯಾರು ಯಾವ ಊರಿಗೆ ಕೊಟ್ಟವರು, ಯಾರು ಎಳೆತನದಲ್ಲೇ ಹೋದರು — ಒಂದು ಹೆಸರೂ ತಪ್ಪದೆ ಹೇಳಿದರು. ಹೇಳಿ ಮುಗಿಸಿ, "ಬರೋಬರಿ ಅದ ಏನವಾ?" ಎಂದು ಅವಳ ಮುಖ ನೋಡಿದರು, ಪರೀಕ್ಷೆಗೆ ಕೂತ ಹುಡುಗನಂತೆ. ವೈನಿ ನನ್ನ ಕಡೆ ತಿರುಗಿ, "ಒಮ್ಮೊಮ್ಮೆ ಹಿಂಗ ಚಂದ ನೆನಪು ಬರ್ತದ ನೋಡ್ರಿ" ಅಂದರು.

ಇದನ್ನು ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ — ಹೋದ ತಿಂಗಳು ರಾಘಣ್ಣ ಸಿಕ್ಕಿದ್ದ. ನಿವೃತ್ತನಾಗಿದ್ದಾನೆ. ಪರಿಚಯದ ಒಬ್ಬರ ಹೆಸರು ನೆನಪಾಗದೆ ತಡವರಿಸಿ, "ಅಪ್ಪನ ಬ್ಯಾನಿ ನನಗೂ ಹತ್ತೇದ" ಎಂದು ನಕ್ಕ. ಕಣ್ಣು ನಗುತ್ತಿರಲಿಲ್ಲ. ಮನೆತನದಲ್ಲಿ ಮರೆವಿನ ರೋಗ ಇದೆಯೇ ಎಂದು ಡಾಕ್ಟರು ಕೇಳಿದ್ದರಂತೆ. ಹೌದು, ತಂದೆಗೆ ಇತ್ತು ಎಂದು ಬರೆಸಿ ಬಂದಿದ್ದಾನೆ.

ಇಲ್ಲ ರಾಘಣ್ಣ, ಇರಲಿಲ್ಲ. ನಿಮ್ಮಪ್ಪನಿಗೆ ಕಂಡದ್ದು ಖರೆ. ಕೇಳಿದ್ದು ಖರೆ. ಪಾಸ್‌ವರ್ಡ್ ಇಟ್ಟವನು ನಾನು, ಅದನ್ನು ಕೇಳುವ ಗುರುತು ಅಳಿಸಿದವನು ನಾನು, ಮುಖಕ್ಕೆ ಮುಖ ಕೊಟ್ಟು ಮೂರು ಸಲ ಸುಳ್ಳು ಹೇಳಿದವನೂ ನಾನು. ಶಾಲೆ ಬಿಟ್ಟವನು ಎಂಬುದು ಇದಕ್ಕೆ ಕಾರಣವಲ್ಲ. ಕಲಿಯದವರೆಲ್ಲ ಸುಳ್ಳು ಹೇಳುವುದಿಲ್ಲ.

ಈ ಭಾನುವಾರ ಈ ಕಾಗದವನ್ನು ಅಚ್ಚಿಗೆ ಕೊಡುವ ಮೊದಲು ರಾಘಣ್ಣನ ಕೈಗೆ ಕೊಡುತ್ತೇನೆ. ವೈನಿಯ ಎದುರು ನಿಂತುಕೊಂಡೇ ಇರುತ್ತೇನೆ, ಕೂಡ್ರು ಅನ್ನುವವರೆಗೆ. ಅನ್ನದಿದ್ದರೆ ಹಾಗೇ ಬರುತ್ತೇನೆ.

ಧನಕವಡಿಯಲ್ಲಿ ಒಂದು ಅಂಗಡಿ. ಅದರಲ್ಲಿ ಮೂವರು ಕೆಲಸಗಾರರು. ಎರಡು ಕೋಣೆಯ ಸ್ವಂತ ಮನೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಈಗ ನನಗಿರುವುದು ಇಷ್ಟು. ಕ್ಷಮೆ ಕೇಳಬೇಕಾದ ಮನುಷ್ಯ ಇಲ್ಲ.