ಅಕ್ಕ-ತಂಗಿ ಸ್ಕೂಟಿ ಕ್ಲಾಸ್

ಬೆಳಗಾವಿಯ ಖಾಸಬಾಗಿನ ಪ್ರಮಿಳಾ ಮೂವತ್ತೈದು ದಾಟುವ ತನಕ ಸೈಕಲ್ಲನ್ನೂ ತುಳಿದವಳಲ್ಲ. ಗಂಡ ಗಜಾನನ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸಕ್ಕಿದ್ದ. ಅವನ ಬೈಕಿನ ಹಿಂದೆ ಕೂತರೆ ಕಣ್ಣು ಮುಚ್ಚಿ ಅವನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ರಸ್ತೆ ದಾಟುವಾಗ ಮಗಳು ಸಮೃದ್ಧಿಯ ಕೈ ಬೇಕೇ ಬೇಕು. ನೋಡಿದವರು ತಾಯಿ ಮಗಳನ್ನು ದಾಟಿಸುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು. ದಾಟಿಸುತ್ತಿದ್ದವಳು ಮಗಳು.

ಪ್ರಮಿಳಾಳ ತವರು ಖಾನಾಪುರದ ಊರಂಚಿನಲ್ಲಿ. ತಲೆತಲಾಂತರದಿಂದ ಕುರಿ, ಆಡು ಸಾಕಿಕೊಂಡು ಬಂದ ಮನೆತನ. ಅಪ್ಪ ಭರಮಪ್ಪ ಬೇಗ ತೀರಿಕೊಂಡ ಮೇಲೆ ಅವ್ವ ಪದ್ಮವ್ವ ಆಡು ಕಾಯುತ್ತಲೇ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದ್ದಳು. ಕಿರಿಯವಳು ಲಕ್ಷ್ಮೀ. ಅಕ್ಕನ ಮದುವೆಯ ಹೊತ್ತಿಗೆ ಇನ್ನೂ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಹುಡುಗಿ, ದೊಡ್ಡವಳಾದ ಮೇಲೆ ಖಾನಾಪುರದ ಬಜಾರಿನ ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಗಿರಾಕಿಗಳ ಜೊತೆ ಅರ್ಧ ಕನ್ನಡ, ಅರ್ಧ ಮರಾಠಿ, ನಡುವೆ ಬೇಕಾದಷ್ಟು ನಗು.

ಒಂದು ಸಂಜೆ ಅಂಗಡಿಯಿಂದ ಬಂದವಳೇ ಅವ್ವನ ಎದುರು ಕೂತಳು.

"ಅವ್ವಾ, ಇವತ್ತ ಒಬ್ಬಾಕಿ ಸೀರಿ ತಗೊಂಡು, ಗಂಡ ಬಂದು ಕರಕೊಂಡ ಹೋಗೂತನಕಾ ಅಂಗಡಿ ಮೆಟ್ಟಲ ಮ್ಯಾಲೆ ಕುಂತಿದ್ಲು. ಕತ್ತಲಾತು, ಆದ್ರೂ ಅಂವಾ ಬರಲಿಲ್ಲ. ಅಕಿ ಕೂಸು ಹಸದು ಅಳಾಕತ್ತಿತ್ತು. ನಂಗ ನೋಡಾಕ ಆಗಲಿಲ್ಲ."

"ಅದಕ್ಕ ನೀ ಏನ ಮಾಡ್ತಿ?"

"ನಂಗೊಂದು ಸ್ಕೂಟಿ ಕೊಡಸು. ಎರಡು ಆಡು ಮಾರು."

"ಆಡ ಮಾರಿ ಗಾಡಿ ತಗೊಂಡಾವ್ರನ್ನ ನಾ ಎಲ್ಲೂ ಕಂಡಿಲ್ಲವ್ವ."

"ಈಗ ಕಾಣು."

ಪದ್ಮವ್ವ ವಾರವಿಡೀ ಗೊಣಗಿದಳು. ಆಮೇಲೆ ಆಡು ಮಾರಿದಳು. ಮನೆಗೆ ಬಂದದ್ದು ಯಾರೋ ಬಳಸಿ ಬಿಟ್ಟ, ಒಂದು ಕಡೆ ತರಚಿದ ನೀಲಿ ಸ್ಕೂಟಿ. ಪದ್ಮವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಗಾಲಿಯ ಕೆಳಗೆ ಲಿಂಬೆಹಣ್ಣಿಟ್ಟು, ಹೊಸ ಆಕಳನ್ನು ಬರಮಾಡಿಕೊಂಡ ಹಾಗೆ ಅದರ ಮೈ ಸವರಿದಳು.

ವಾರದಲ್ಲೇ ತಾನೇ ಗಾಡಿ ಕಲಿತ ಲಕ್ಷ್ಮೀ ಮೊದಲು ಹೋದದ್ದು ಖಾಸಬಾಗಿಗೆ, ಅಕ್ಕನ ಮನೆಗೆ.

"ಯಕ್ಕಾ, ಹತ್ತು."

"ಹಿಂದ ಕುಂದರತೇನಿ."

"ಹಿಂದಲ್ಲ, ಮುಂದ."

ಊರ ಹೊರಗೆ ಒಂದು ಲೇಔಟ್ ಇತ್ತು. ರಸ್ತೆ ಹಾಕಿದ್ದರು, ಮನೆ ಇನ್ನೂ ಕಟ್ಟಿರಲಿಲ್ಲ. ಅಲ್ಲಿ ಪ್ರಮಿಳಾ ಸ್ಕೂಟಿಯ ಮೇಲೆ ಕೂತು ಅತ್ತಳು. ಬಿದ್ದಳು. ಮೊಣಕಾಲು ತರಚಿತು. ಮನೆಯಲ್ಲಿ ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿದಳು. ಲಕ್ಷ್ಮೀ ಯಾವುದನ್ನೂ ಕೇಳಲಿಲ್ಲ. ಹಿಂದಿನಿಂದ ಸೀಟು ಹಿಡಿದುಕೊಂಡು ಓಡುತ್ತ, "ಹಿಡಕೊಂಡೇನಿ, ಹಿಡಕೊಂಡೇನಿ" ಎನ್ನುತ್ತಲೇ ಇದ್ದಳು. ಒಂದು ದಿನ ಆ ದನಿ ಬಹಳ ದೂರದಿಂದ ಬಂತು. ಪ್ರಮಿಳಾ ಬ್ರೇಕ್ ಹಾಕಿ ತಿರುಗಿ ನೋಡಿದರೆ ತಂಗಿ ಲೇಔಟಿನ ಆ ತುದಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದಳು.

ಅವತ್ತು ಪ್ರಮಿಳಾ ಮಾರ್ಕೆಟ್ಟಿನ ತನಕ ತಾನೇ ಗಾಡಿ ಹೊಡೆದುಕೊಂಡು ಹೋಗಿ ಮೆಂತ್ಯೆಸೊಪ್ಪು ತಂದಳು. ಮನೆಯಲ್ಲಿ ಆಗಲೇ ಎರಡು ಸಿವುಡು ಮೆಂತ್ಯೆಸೊಪ್ಪು ಇತ್ತು.

ಊಟಕ್ಕೆ ಕೂತಾಗ ಲಕ್ಷ್ಮೀ ಹೇಳಿದಳು: "ನಿನ್ನಂಥಾ ಪುಕ್ಕಲಿ ಕಲತ್ಲು ಅಂದ್ರ ಬೆಳಗಾವ್ಯಾಗಿನ ಯಾವಾಕಿ ಬೇಕಾದ್ರೂ ಕಲೀತಾಳ. ನಾವಿಬ್ಬರೂ ಕ್ಲಾಸ್ ಚಾಲೂ ಮಾಡೂಣು. ಅಂಜಾವ್ರಿಗೆ ನೀ ಕಲಸು, ಗಡಿಬಿಡಿ ಮಾಡಾವ್ರಿಗೆ ನಾ ಕಲಸ್ತೇನಿ."

"ಹೆಸರು ಏನ ಇಡೂದು?"

"ಅಕ್ಕ-ತಂಗಿ ಸ್ಕೂಟಿ ಕ್ಲಾಸ್. ಮತ್ತೇನ?"

ಗಿರಣಿಯ ಗೋಡೆಗೆ, ಟೇಲರ್ ಅಂಗಡಿಗೆ, ದವಾಖಾನೆಯ ಎದುರಿನ ಕಂಬಕ್ಕೆ ಚೀಟಿ ಅಂಟಿಸಿದರು. ಮೊದಲಿಗೆ ಫೋನ್ ಮಾಡಿದವರೆಲ್ಲ ಚೇಷ್ಟೆಯ ಹುಡುಗರೇ. ಆಮೇಲೆ ಒಬ್ಬ ನರ್ಸ್ ಬಂದಳು. ಅವಳ ಹಿಂದೆ ಶಾಲೆಯ ಟೀಚರ್, ಪಾರ್ಲರಿನವಳು, ಗಂಡನಿಗೆ ಗೊತ್ತಾಗದಂತೆ ಕಲಿಯಲು ಬಂದ ಇಬ್ಬರು ನೆರೆಹೊರೆಯವರು. ಲಕ್ಷ್ಮೀ ಸೀರೆ ಅಂಗಡಿಯ ಕೆಲಸ ಬಿಟ್ಟಳು. ದಿನಾ ಖಾನಾಪುರದಿಂದ ಬಂದು ಹೋಗುತ್ತಿದ್ದಳು. ಕಲಿಯುವವರಿಗೆಂದು ಇನ್ನೊಂದು ಸ್ಕೂಟಿ ಕೊಂಡರು. ಬೋರ್ಡ್ ಬರೆಸಿದರು. ಅದರಲ್ಲಿ ಇಬ್ಬರು ಹೆಣ್ಣುಮಕ್ಕಳ ಚಿತ್ರ, ಮುಂದೆ ಒಬ್ಬಳು, ಹಿಂದೆ ಒಬ್ಬಳು. ಯಾರು ಅಕ್ಕ ಯಾರು ತಂಗಿ ಎಂದು ಸಮೃದ್ಧಿ ಕೇಳಿದರೆ ಲಕ್ಷ್ಮೀ, "ದಿನಾ ಬದಲಾಗ್ತೈತಿ" ಅಂದಿದ್ದಳು.

ಸಮೃದ್ಧಿಗೆ ಚಿಕ್ಕಮ್ಮನೆಂದರೆ ಜೀವ, ಮೌಶಿ ಎಂದೇ ಕರೆಯುತ್ತಿದ್ದಳು. "ನಿಂಗ ಹದಿನೆಂಟು ತುಂಬ್ಲಿ, ನಾನಽ ಕಲಸ್ತೇನಿ" ಎಂದು ಲಕ್ಷ್ಮೀ ಅವಳಿಗೆ ಮಾತು ಕೊಟ್ಟಿದ್ದಳು.

ಆಮೇಲೆ ಚಳಿಗಾಲ ಬಂತು. ಕಬ್ಬು ಕಡಿಯುವ ಕಾಲ. ಖಾನಾಪುರದ ರಸ್ತೆಯ ತುಂಬ ಟ್ರ್ಯಾಕ್ಟರುಗಳು, ಒಂದರ ಹಿಂದೆ ಎರಡೆರಡು ಟ್ರ್ಯಾಲಿ ಕಟ್ಟಿಕೊಂಡು ಹೊರಟಿರುತ್ತಿದ್ದವು. ಹೊತ್ತಾದ ದಿನ ಲಕ್ಷ್ಮೀ ಅಕ್ಕನ ಮನೆಯಲ್ಲೇ ಉಳಿಯುತ್ತಿದ್ದಳು. ಆ ದಿನವೂ ಉಳಿಯುವವಳಿದ್ದಳು. ಮುಚ್ಚಂಜೆಗೆ ಪದ್ಮವ್ವನ ಫೋನ್ ಬಂತು.

"ಲಕ್ಷ್ಮೀ, ಕರೀ ಆಡು ಈಯಾಕತ್ತೈತಿ. ಮರಿ ಅಡ್ಡ ಸಿಕ್ಕಂಗ ಕಾಣತೈತಿ. ನಂಗೊಬ್ಬಾಕಿಗೆ ಆಗೂದಿಲ್ಲ, ಲಗೂನ ಬಾ."

ಲಕ್ಷ್ಮೀ ಹೆಲ್ಮೆಟ್ ಹಾಕಿಕೊಂಡು ಹೊರಟಳು. ನೀಲಿ ಸ್ಕೂಟಿಯಲ್ಲಿ.

ದೇಸೂರ ದಾಟಿದ ಮೇಲೆ, ಗಾಲಿ ಪಂಚರಾದ ಕಬ್ಬಿನ ಟ್ರ್ಯಾಲಿಯೊಂದು ರಸ್ತೆಯ ಮೇಲೇ ನಿಂತಿತ್ತು. ಹಿಂದೆ ದೀಪವಿಲ್ಲ, ಒಂದು ಕೆಂಪು ಬಟ್ಟೆಯನ್ನೂ ಕಟ್ಟಿರಲಿಲ್ಲ. ಎದುರಿನಿಂದ ಬಂದ ಲಾರಿಯ ಬೆಳಕು ಕಣ್ಣಿಗೆ ಹೊಡೆದಿರಬೇಕು. ಟ್ರ್ಯಾಲಿಯ ಹಿಂಬದಿಗೆ ಚಾಚಿಕೊಂಡಿದ್ದ ಕಬ್ಬು ಅವಳಿಗೆ ಕಾಣಲಿಲ್ಲ.

ಲಕ್ಷ್ಮೀಯ ಮಣ್ಣಿಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: "ತಪ್ಪು ಅಕಿದಲ್ಲ ಬಿಡ್ರಿ." ಪೊಲೀಸರೂ ಅದನ್ನೇ ಬರೆದುಕೊಂಡರು. ಪದ್ಮವ್ವ ಎಲ್ಲರ ಮುಖ ನೋಡಿ ಕೇಳಿದಳು: "ಅಕಿ ತಪ್ಪಿಲ್ಲಂದ್ರ ಅಕಿ ಯಾಕ ಹೋದ್ಲು?"

ಪ್ರಮಿಳಾ ಅಳಲಿಲ್ಲ. ಅವಳಿಗೆ ಅಳುವಷ್ಟು ಪುರಸೊತ್ತು ಸಿಗಲಿಲ್ಲ. ಪದ್ಮವ್ವ ಎದೆ ಎದೆ ಬಡಿದುಕೊಳ್ಳುತ್ತಿದ್ದಳು, ಅವಳ ಕೈ ಹಿಡಿಯಬೇಕಿತ್ತು. "ನಾನಽ ಆಡು ಮಾರಿ ಗಾಡಿ ಕೊಡಿಸಿದ್ನಿ. ನಾನಽ ಫೋನ ಮಾಡಿ ಕರದ್ನಿ. ಕರದು ಕರದು ಕೊಂದ್ನಿ" ಎನ್ನುತ್ತಿದ್ದಳು. ಕರಿ ಆಡು ಆ ರಾತ್ರಿ ಯಾರ ಸಹಾಯವೂ ಇಲ್ಲದೆ ಈದಿತ್ತು. ಎರಡು ಮರಿ, ಎರಡೂ ಬದುಕಿದ್ದವು. ತಿಥಿ ಮುಗಿದ ಮೇಲೆ ಪದ್ಮವ್ವ ಕರಿ ಆಡನ್ನು, ಮರಿಗಳನ್ನು, ದೊಡ್ಡಿಯಲ್ಲಿದ್ದ ಎಲ್ಲವನ್ನೂ ದಾರಿಯಲ್ಲಿ ಹೋಗುತ್ತಿದ್ದ ವ್ಯಾಪಾರಿಗೆ ಕೊಟ್ಟುಬಿಟ್ಟಳು. ದೊಡ್ಡಿಯ ಬಾಗಿಲು ಹಾಕಿ ಬಂದು ಹಿರಿ ಮಗಳಿಗೆ ಹೇಳಿದಳು:

"ಪ್ರಮಿಳಾ, ನೀ ಬರೂದಾದ್ರ ಬಸ್ಸಿನ್ಯಾಗ ಬಾ. ಗಾಡಿ ಸಪ್ಪಳ ನನ್ನ ಅಂಗಳದಾಗ ಕೇಳಬಾರದು."

"ಆಗ್ಲವ್ವ."

ಖಾಸಬಾಗಿಗೆ ಮರಳಿದ ಪ್ರಮಿಳಾ ಬೋರ್ಡ್ ಇಳಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಉಳಿದಿದ್ದ ಇನ್ನೊಂದು ಸ್ಕೂಟಿಯ ಮೇಲೆ ಧೂಳು ಕೂತಿತು. ಗಜಾನನ ಅದನ್ನು ಮಾರುವ ಮಾತೆತ್ತಿದರೆ ಅವಳು ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ಅವಳನ್ನು ಮತ್ತೆ ಎಬ್ಬಿಸಿದವಳು ಚಂದ್ರವ್ವ. ಮಾರ್ಕೆಟ್ಟಿನಲ್ಲಿ ಕಾಯಿಪಲ್ಯೆ ಮಾರುವ ಐವತ್ತರ ಹೆಂಗಸು, ಲಕ್ಷ್ಮೀಯ ಹತ್ತಿರ ಕಲಿಯುತ್ತಿದ್ದವಳು. ಒಂದು ಮುಂಜಾನೆ ಬಂದು ಹೊಸ್ತಿಲ ಮೇಲೆ ಕೂತಳು.

"ಯವ್ವಾ, ನಿನ್ನ ತಂಗಿ ನನ್ನ ಅರ್ಧಾ ಕಲಿಸಿ ಬಿಟ್ಟ ಹೋಗ್ಯಾಳ. ಮುಂದ ಹೋಗಾಕ ಬರತೈತಿ, ತಿರುವಾಕ ಬರೂದಿಲ್ಲ. ಈಗ ನಾ ಏನ ಮಾಡ್ಲಿ ಹೇಳು?"

"ಬ್ಯಾರೆ ಕ್ಲಾಸಿಗೆ ಹೋಗ್ರಿ ಅವ್ವಾರ."

"ಬ್ಯಾರೇದಾವ್ರು ನನ್ನ ನೋಡಿ ನಗತಾರ. ಅಕಿ ನಕ್ಕಿರಲಿಲ್ಲ." ಹಾಗೆಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಖರೇ ಹೇಳಬೇಕಂದ್ರ ನಕ್ಕಿದ್ಲು. ಆದ್ರ ಜೋಡೀಲೇ ನಾನೂ ನಗೂವಂಗ ನಕ್ಕಿದ್ಲು."

ಪ್ರಮಿಳಾ ಗಾಡಿಯ ಧೂಳು ಒರೆಸಿದಳು. ಚಂದ್ರವ್ವನಿಗೆ ತಿರುಗಿಸುವುದನ್ನು ಕಲಿಸಿದಳು. ಅವಳ ಬೆನ್ನಿಗೆ ಇನ್ನೊಬ್ಬಳು, ಮತ್ತೊಬ್ಬಳು ಬಂದರು. ಕ್ಲಾಸ್ ನಡೆಯಿತು. ಅಂಜುವವರೂ ಅವಳ ಪಾಲಿಗೇ, ಗಡಿಬಿಡಿಯವರೂ ಅವಳ ಪಾಲಿಗೇ. ಬೋರ್ಡ್ ಮತ್ತೆ ಮೇಲೇರಿತು, ಯಾಕೆಂದರೆ ಹೆಸರು ಬದಲಿಸಲು ಅವಳಿಗೆ ಮನಸ್ಸು ಬರಲಿಲ್ಲ. ಹೊಸಬರು ಬಂದಾಗಲೆಲ್ಲ ನಗುತ್ತ ಕೇಳುತ್ತಿದ್ದರು, "ನೀವು ಅಕ್ಕಾರೋ, ತಂಗ್ಯಾರೋ?" "ಅಕ್ಕ" ಅನ್ನುತ್ತಿದ್ದಳು. "ತಂಗಿ ಬರೂದಿಲ್ಲೇನ್ರಿ?" ಅಂದರೆ "ಇಲ್ಲ" ಎಂದು ಹೆಲ್ಮೆಟ್ಟಿನ ಪಟ್ಟಿ ಬಿಗಿಯತೊಡಗುತ್ತಿದ್ದಳು. ತವರಿಗೆ ಮಾತ್ರ ಬಸ್ಸಿನಲ್ಲಿ ಹೋಗುತ್ತಿದ್ದಳು. ದೇಸೂರ ಬರುವಾಗ ಸೀಟಿನಲ್ಲಿ ತಲೆ ತಗ್ಗಿಸುತ್ತಿದ್ದಳು.

ಸಮೃದ್ಧಿಗೆ ಹದಿನೆಂಟು ತುಂಬಿತು. ಡಿಪ್ಲೊಮಾ ಕಾಲೇಜಿಗೆ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದಳು. ಒಂದೆರಡು ಸಲ ಕೇಳಿದಳು. "ಈಗ ಬ್ಯಾಡ, ಪರೀಕ್ಷಾ ಮುಗೀಲಿ" ಎಂದಳು ಪ್ರಮಿಳಾ. ಪರೀಕ್ಷೆ ಮುಗಿಯಿತು. "ಮಳೀ ಮುಗೀಲಿ." ಮಳೆಯೂ ಮುಗಿಯಿತು. ಸಮೃದ್ಧಿ ಕೇಳುವುದನ್ನು ಬಿಟ್ಟಳು.

ಈ ವರ್ಷ ಸದಾಶಿವನಗರದ ಮಹಿಳಾ ಮಂಡಳವೊಂದು ಸ್ವಂತ ಉದ್ಯೋಗ ಶುರು ಮಾಡಿದ ಹೆಂಗಸರನ್ನು ಕರೆದು ಅನುಭವ ಹೇಳಿಸುವ ಕಾರ್ಯಕ್ರಮ ಇಟ್ಟುಕೊಂಡಿತ್ತು. ಪ್ರಮಿಳಾಳಿಗೂ ಕರೆ ಬಂತು. ಒಲ್ಲೆ ಅಂದಿದ್ದಳು, ಆದರೆ ಕರೆದವಳು ಅವಳ ಹತ್ತಿರವೇ ಗಾಡಿ ಕಲಿತವಳು, ಬಿಡಲಿಲ್ಲ. ಸಮೃದ್ಧಿ ಫೋಟೋ ತೆಗೆಯಲು ಜೊತೆಗೆ ಬಂದಳು.

ಶೇಂಗಾ ಚಟ್ನಿ ಮಾರುವವಳು ಮಾತಾಡಿದಳು, ಮದುವೆಗೆ ಮೆಹೆಂದಿ ಹಾಕುವವಳು ಮಾತಾಡಿದಳು. ಗಂಡ ಬೈದದ್ದು, ಅತ್ತೆ ಮುನಿದದ್ದು, ಈಗ ಇಬ್ಬರೂ ಪ್ಯಾಕಿಂಗಿಗೆ ಕೂಡುವುದು. ಚಪ್ಪಾಳೆ ಬಿತ್ತು. ಪ್ರಮಿಳಾಳ ಸರದಿ ಬಂದಾಗ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಈ ಕ್ಲಾಸ್ ನಾ ಚಾಲೂ ಮಾಡಿದ್ದಲ್ಲರಿ. ನನ್ನ ತಂಗಿ ಮಾಡಿದ್ದು. ನಾ ಅಕಿ ಮೊದಲನೇ ಸ್ಟೂಡೆಂಟ್. ಅಕಿ ಈಗ ಇಲ್ಲ. ನಾ ನಡಸಾಕತ್ತೇನಿ, ಅಷ್ಟಽ." ಇಲ್ಲಿಯ ತನಕ ಕಲಿಯಲು ಬಂದ ಹೆಂಗಸರು, ಬಿದ್ದವರು, ಎದ್ದವರು, ಗಂಡನನ್ನು ಹಿಂದೆ ಕೂಡಿಸಿಕೊಂಡು ಮನೆಗೆ ಹೋದವರು, ಎಲ್ಲರ ಸುದ್ದಿ ಹೇಳಿದಳು. ಜನ ನಕ್ಕರು. ಅವಳೂ ನಕ್ಕಳು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಮೇಡಂ, ನಿಮ್ಮ ಮಗಳಿಗೆ ಎಷ್ಟ ವಯಸ್ಸಿಗೆ ಕಲಿಸಿದ್ರಿ?"

ಪ್ರಮಿಳಾ ಮಗಳ ಕಡೆ ನೋಡಿದಳು. ಸಮೃದ್ಧಿ ಫೋನನ್ನು ಮುಖದ ಎದುರು ಹಿಡಿದುಕೊಂಡೇ ಇದ್ದಳು.

"ಇಲ್ಲರಿ. ಕಲಿಸಿಲ್ಲ. ಅಕಿ ಬಸ್ಸಿಗೆ ಹೋಗ್ತಾಳ. ನಂಗ ಅಂಜಿಕಿ ಬರತೈತಿ. ನಿಮಗೆಲ್ಲಾ ಅಂಜಬ್ಯಾಡ್ರಿ ಅಂತ ಹೇಳತೇನಿ. ನಿಮ್ಮನ್ನ ರೋಡಿಗೆ ಬಿಟ್ಟು ಮನಿಗೆ ಹೋಗಿ ಉಣ್ಣತೇನಿ. ಅಕಿನ್ನ ಬಿಡಾಕ ನನ್ನ ಕಡೆ ಆಗೂದಿಲ್ಲ. ನಿಮ್ಮ ಅವ್ವಾರಿಗೂ ಹಿಂಗಽ ಆಗತಿರಬೇಕು. ನಾ ಯಾವತ್ತೂ ಕೇಳಿಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಿರೂಪಕಿ ಎದ್ದು ಚಹಾಕ್ಕೆ ಕರೆದಳು.

ಪ್ರಮಿಳಾ ಚಹಾ ಕುಡಿಯದೆ ಹೊರಗೆ ಬಂದಳು. ಗಾಡಿ ಗೇಟಿನ ಬಳಿ ನಿಂತಿತ್ತು. ಸಮೃದ್ಧಿ ಹಿಂದೆಯೇ ಬಂದು ನಿಂತಳು.

"ಮಮ್ಮಿ."

"ಏನ?"

"ಮೌಶಿ ಇದ್ದಿದ್ರ ನಂಗ ಕಲಸ್ತಿದ್ಲು."

"ಹೂಂ," ಎಂದಳು ಪ್ರಮಿಳಾ. "ಕಲಸ್ತಿದ್ಲು."

ಅಷ್ಟು ಅಂದವಳು ಹಾಗೇ ಮೆಟ್ಟಿಲ ಮೇಲೆ ಕುಸಿದು ಕೂತಳು. ದೇಸೂರಿನ ಆ ಸಂಜೆಯಿಂದ ತಡೆದು ಇಟ್ಟಿದ್ದು ಒಮ್ಮೆಲೇ ಹೊರಬಂತು. ಬಾಯಿಗೆ ಸೆರಗು ಒತ್ತಿಕೊಂಡರೂ ದನಿ ನಿಲ್ಲಲಿಲ್ಲ. "ಲಕ್ಷ್ಮೀ, ಯವ್ವಾ ಲಕ್ಷ್ಮೀ" ಎಂದು ಹಳ್ಳಿಯ ಹೆಂಗಸರು ಅಳುವಂತೆ, ಹಾಡಿ ಹಾಡಿ ಅತ್ತಳು. ಒಳಗಿನಿಂದ ಚಹಾದ ಕಪ್ಪು ಹಿಡಿದು ಹೊರಬಂದವರು ಬಾಗಿಲಲ್ಲೇ ನಿಂತರು. ಸಮೃದ್ಧಿ ತಾಯಿಯ ಬೆನ್ನ ಮೇಲೆ ಕೈಯಿಟ್ಟು, ತಾನೂ ಅಳುತ್ತ ನಿಂತಳು.

ಮರುದಿನ ಮುಂಜಾನೆ ಲೇಔಟಿನಲ್ಲಿ ಇಬ್ಬರು ಹೊಸಬರು ಕಾಯುತ್ತಿದ್ದರು. ಪ್ರಮಿಳಾ ಕೆಂಪಾದ ಕಣ್ಣಿನಲ್ಲೇ ಅವರಿಗೆ ಬ್ರೇಕ್ ಯಾವುದು, ಆಕ್ಸಿಲರೇಟರ್ ಯಾವುದು ಎಂದು ತೋರಿಸಿದಳು. ಅದೇ ಹೊತ್ತಿಗೆ ಸಮೃದ್ಧಿ ಡಬ್ಬಿ ತುಂಬಿಕೊಂಡು ಮನೆಗೆ ಬೀಗ ಹಾಕಿ, ಬಸ್ ಸ್ಟಾಪಿಗೆ ನಡೆದುಹೋದಳು. ಗಾಡಿ ಕಲಿಯುವ ಮಾತನ್ನು ತಾಯಿ ಮಗಳು ಮತ್ತೆ ಎತ್ತಲಿಲ್ಲ.