ಮಾತು ಬಿಟ್ಟ ಬಾಯ್ಲರು

ಅವತ್ತು ಬೆಳಗ್ಗೆ ನಮ್ಮ ಬೇಗೂರಿನ ಮನೆಯ ಮೆಟ್ಟಿಲ ಬುಡದಲ್ಲಿ ನಾಲ್ಕು ಜನ ಗೋಡೆ ನೋಡುತ್ತ ನಿಂತಿದ್ದೆವು. ನಾನು, ನನ್ನ ಹೆಂಡತಿ, ಸೆರಗನ್ನು ಸೊಂಟಕ್ಕೆ ಬಿಗಿದು ಬಾಣಂತಿಗೆ ನೀರು ಹಾಕಲು ತಯಾರಾಗಿದ್ದ ನಮ್ಮವ್ವ, ಮತ್ತು ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಯಾದಗಿರಿ ಕಡೆಯ ಟೈಲ್ಸ್ ಮೇಸ್ತ್ರಿ. ಅವನು ಅಪ್ಪನಾಗಿ ಇನ್ನೂ ಎರಡು ವಾರವೂ ಆಗಿರಲಿಲ್ಲ. ಮೇಲೆ ಅವನ ಹೆಂಡತಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಿಸಿನೀರಿಗಾಗಿ ಕಾಯುತ್ತಿದ್ದಳು.

ನಾವು ನೋಡುತ್ತಿದ್ದದ್ದು ಬಾಯ್ಲರಿನ ಕಂಟ್ರೋಲ್ ಪೆಟ್ಟಿಗೆಯನ್ನು. ಬಾಯ್ಲರು ಇರುವುದು ತಾರಸಿಯ ಮೇಲೆ; ನಮಗೂ ಬಾಡಿಗೆಯವರಿಗೂ ಸೇರಿ ಅದೊಂದೇ. ನೀರು ಯಾವಾಗ ಕಾಯಬೇಕು, ಎಷ್ಟು ಕಾಯಬೇಕು ಎಂದು ಕೆಳಗಿನ ಪೆಟ್ಟಿಗೆ ಹೇಳುತ್ತದೆ. ಎಷ್ಟು ಕಾದಿದೆ ಎಂದು ಮೇಲಿನಿಂದ ಬರುವ ಉತ್ತರ ಪೆಟ್ಟಿಗೆಯ ಗಾಜಿನಲ್ಲಿ ಅಂಕಿಯಾಗಿ ಕಾಣುತ್ತದೆ. ಎರಡರ ನಡುವೆ ಮೆಟ್ಟಿಲ ಗೋಡೆಗುಂಟ ಇಳಿದ ಒಂದು ತೆಳ್ಳನೆಯ ವೈರು. ಹಿಂದಿನ ದಿನದಿಂದ ಅಂಕಿಯ ಜಾಗದಲ್ಲಿ ಎರಡು ಅಡ್ಡಗೆರೆ, ಪಕ್ಕದಲ್ಲೊಂದು ಕೆಂಪು ದೀಪ.

"ಏನಂತದೋ ಅದು?" ಅಂದಳು ಅವ್ವ.

"ಮೇಲಿಂದ ಉತ್ತರ ಬರ್ತಿಲ್ವಂತೆ ಅವ್ವ. ಉತ್ತರ ಬರದೆ ಅದು ನೀರು ಕಾಯ್ಸಲ್ಲ."

"ಅಂಗಂದ್ರೆ ಮಾತು ಬಿಟ್ಟವೆ ಅನ್ನು. ಮ್ಯಾಲಿರೋದು ಅತ್ತೆ, ಕೆಳಗಿರೋದು ಸೊಸೆ."

ನನ್ನ ಹೆಂಡತಿ ಬಿಡುವವಳೇ? "ನಮ್ಮನೇಲೂ ಒಂದಿನ ಮಾತು ಬಿಟ್ಟಿದ್ರೆ ನನ್ನ ಕಿವಿಗೆ ಎಷ್ಟು ನೆಮ್ಮದಿ ಇರ್ತಿತ್ತು ಅತ್ತೆ!"

ಮೇಸ್ತ್ರಿ ಮಾತ್ರ ನಗಲಿಲ್ಲ.

ನಮ್ಮ ಬೀದಿಯಲ್ಲಿ ಬಾಣಂತಿಯರಿಗೆ ನೀರು ಹಾಕಿ ಪಳಗಿದ ಕೈ ನಮ್ಮವ್ವನದು. ಈ ಹುಡುಗಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುತ್ತಿದ್ದವಳು. ಬಾಣಂತನಕ್ಕೆ ಬರಬೇಕಿದ್ದ ಅವಳ ತಾಯಿ ಬಾವಿಕಟ್ಟೆಯಲ್ಲಿ ಜಾರಿ ಕೈ ಮುರಿದುಕೊಂಡರು. ಸುದ್ದಿ ಕೇಳಿ ಹುಡುಗಿ ಅಳುತ್ತ ಕೂತಿದ್ದಾಗ ಅವ್ವ, "ನಾನೇನು ಸತ್ತೋಗಿದ್ದೀನಾ?" ಎಂದು ಗದರಿಸಿ ಕೆಲಸ ಹಿಡಿದಳು. ಬಾಣಂತಿಯ ಬೆನ್ನಿಗೆ, ಸೊಂಟಕ್ಕೆ ಬಿಸಿಬಿಸಿ ನೀರನ್ನು ಚೊಂಬಿನಲ್ಲಿ ಎತ್ತೆತ್ತಿ ಬೀಸಿ ಹೊಯ್ಯಬೇಕು. ಅದಕ್ಕೆ ನೀರು ಧಾರಾಳವಾಗಿ ಬೇಕು. ಹಿಂದಿನ ದಿನ ಗ್ಯಾಸಿನ ಮೇಲೆ ಪಾತ್ರೆ ಪಾತ್ರೆ ಕಾಯಿಸಿ ಸಾಗಿಸಿದೆವು. ಒಂದು ಪಾತ್ರೆ ಕಾಯುವುದರೊಳಗೆ ಇನ್ನೊಂದು ತಣ್ಣಗಾಗುತ್ತಿತ್ತು. "ಇದೂ ಒಂದು ನೀರಾ? ಕೋಳಿ ಪುಕ್ಕ ಕೀಳಕ್ಕೂ ಆಗಾಕಿಲ್ಲ," ಎಂದು ಅವ್ವ ತಾನೇ ಅಡುಗೆಮನೆಗೆ ನುಗ್ಗಿ, ಕುದಿಯುವ ಪಾತ್ರೆ ಎತ್ತಿಕೊಂಡು ಬರುವಾಗ ಹೊಸ್ತಿಲು ಎಡವಿದಳು. ಮೇಸ್ತ್ರಿ ಹಿಡಿಯದಿದ್ದರೆ ಅವಳ ಕಾಲು ಬೆಂದುಹೋಗುತ್ತಿತ್ತು.

ರಿಪೇರಿಯವನಿಗೆ ಫೋನು ಹಚ್ಚಿದೆ. "ಸಾರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿ," ಅಂದ. ಈ ಊರಿನಲ್ಲಿ ಎಲ್ಲ ಕಾಯಿಲೆಗೂ ಅದೇ ಕಷಾಯ. ಕುಡಿಸಿದ್ದಾಯಿತು, ಜ್ವರ ಇಳಿಯಲಿಲ್ಲ. "ಪೆಟ್ಟಿಗೆ ಬಿಟ್ಟು ಬಾಯ್ಲರಿಗೆ ಸೀದಾ ಕರೆಂಟು ಕೊಟ್ಟುಬಿಡ್ಲಾ?" ಎಂದು ಕೇಳಿದೆ. "ಬೇಡಿ ಸಾರ್! ಎಷ್ಟು ಕಾದಿದೆ ಅಂತ ತಿಳೀದೆ ಕಾಯ್ತಾನೇ ಇರುತ್ತೆ, ಡೇಂಜರ್. ನಾನೇ ಬರ್ತೀನಿ."

ಅಷ್ಟರಲ್ಲಿ ನನ್ನ ಹೆಂಡತಿಯ ಕಣ್ಣು ಗೋಡೆಯ ಮೇಲಿನ ಒಂದು ಮೊಳೆಯ ಮೇಲೆ ನಿಂತಿತು. ಮಗುವಿನ ಬಟ್ಟೆ ಒಣಹಾಕಲು ಮೇಸ್ತ್ರಿ ಹಗ್ಗ ಕಟ್ಟಿದ್ದ. ಅದಕ್ಕೆ ಹೊಡೆದ ಮೊಳೆ. ವೈರಿಗೂ ಅದಕ್ಕೂ ಒಂದು ಬೆರಳಿನ ಅಂತರ.

"ಇದು ವೈರಿಗೇನಾದ್ರೂ ತಾಗಿದೆಯಾ?" ಎಂದು ಅವಳು ಕೇಳಿದ್ದು ಸಹಜವಾಗಿಯೇ. ಆದರೆ ಬಾಡಿಗೆ ಮನೆಯಲ್ಲಿ ಬಾಳುವವರಿಗೆ ಮೊಳೆ ಎಂದರೆ ದೊಡ್ಡ ಮಾತು. ಹೊಡೆಯುವ ಮುಂಚೆ ಅವನು ಅವ್ವನನ್ನು ಕೇಳಿಯೇ ಹೊಡೆದಿದ್ದ. ಆದರೂ ಅವನ ಮುಖ ಬಾಡಿಹೋಯಿತು.

"ನನ್ನಿಂದನ ಆಗಿರಬೇಕ್ರೀ ಅಕ್ಕಾರ," ಅಂದ. "ನಿನ್ನಿ ಅಮ್ಮಾರ ಕಾಲು ಬ್ಯಾರೆ ಸುಡತಿತ್ತು. ಸಂಜಿ ಬಸ್ಸಿಗೆ ಅಕಿನ್ನ, ಕೂಸಿನ್ನ ಊರಿಗಿ ಬಿಟ್ಟು ಬರ್ತೀನ್ರೀ. ನಮ್ಮ ಸಲುವಾಗಿ ನಿಮಗ್ಯಾಕ ತ್ರಾಸ?"

"ಅಸೀ ಬಾಣಂತೀನ ಆ ಬಸ್ನಾಗೆ ಕುಲುಕಾಡಿಸ್ಕಂಡು ಓಯ್ತೀಯಾ?" ಅವ್ವನ ದನಿ ಏರಿತು. "ಗಾಯ ಇನ್ನೂ ಮಾಗಿಲ್ಲ ಕಣೋ. ಅಲ್ಲೋದ್ರೆ ಅವಳಿಗೆ ನೀರಾಕೋರು ಯಾರು, ಕೈ ಮುರಕಂಡಿರೋ ಆ ತಾಯೀನಾ?"

"ಹೆಂಗರ ಮಾಡ್ತಾರ್ರೀ," ಎಂದು ನೆಲ ನೋಡಿದ. ಮೇಲೆ ಹೋಗಿ ನೋಡಿದರೆ ಬಾಗಿಲ ಬಳಿ ಆಗಲೇ ಬ್ಯಾಗು ತುಂಬಿಟ್ಟಿತ್ತು. ಹುಡುಗಿ ಮಗುವಿನ ಕುಲಾವಿ ಸರಿಮಾಡುತ್ತ ಕೂತಿದ್ದಳು. ನನ್ನನ್ನು ಕಂಡು ನಗಲು ನೋಡಿದಳು, ಆಗಲಿಲ್ಲ.

ರಿಪೇರಿಯವನು ಬಂದ. ದೇಹ ಭಾರಿ, ಬಾಯಿ ಅದಕ್ಕಿಂತ ಭಾರಿ. ಮೇನ್ ಸ್ವಿಚ್ಚು ಆರಿಸಿ, ಗೋಡೆಯ ವೈರನ್ನು ಬೆರಳಿನಲ್ಲಿ ಸವರುತ್ತ ಮೊಳೆಯ ತನಕ ಬಂದು, "ಇದು ಮುಟ್ಟೇ ಇಲ್ಲ ಸಾರ್, ಪಾಪ, ಮೊಳೇದೇನೂ ತಪ್ಪಿಲ್ಲ," ಅಂದ. ಮೇಸ್ತ್ರಿಗೆ ನಂಬಿಕೆ ಬರಲಿಲ್ಲ. "ಒಳಗ ಏನರ ಕಟ್ ಆಗಿರಬಹುದ್ರೀ, ಸರಿಯಾಗಿ ನೋಡ್ರೀ," ಎಂದು ತನ್ನ ತಪ್ಪನ್ನು ತಾನೇ ಹುಡುಕಿಸತೊಡಗಿದ.

ಎಲ್ಲರೂ ತಾರಸಿ ಹತ್ತಿದೆವು. ಬೇಡವೆಂದರೂ ಮಂಡಿಗೆ ಕೈ ಊರಿಕೊಂಡು ಅವ್ವನೂ ಹತ್ತಿದಳು. ನಮ್ಮ ಮನೆಯಲ್ಲಿ ಆಯುಧಪೂಜೆ ಎಂದರೆ ಮಿಕ್ಸಿಯಿಂದ ಹಿಡಿದು ನೀರಿನ ಮೋಟರಿನವರೆಗೆ ಯಾವುದಕ್ಕೂ ಅರಿಶಿನ ಕುಂಕುಮ ತಪ್ಪದು. ಹಬ್ಬ ಮುಗಿದು ತಿಂಗಳಾಗಿದ್ದರೂ ಬಾಯ್ಲರಿನ ಹೊಟ್ಟೆಯ ಮೇಲೆ ವಿಭೂತಿಯ ಪಟ್ಟೆ ಉಳಿದಿತ್ತು; ಪೈಪಿಗೆ ಕಟ್ಟಿದ ಹಾರ ಒಣಗಿ ನಾರಾಗಿತ್ತು. ಅದರ ಪಕ್ಕದಲ್ಲೇ, ವೈರು ಬಾಯ್ಲರಿಗೆ ಸೇರುವ ಕಡೆ, ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿ. ಬಿಸಿಲಿಗೆ ಅದರ ಮುಚ್ಚಳ ಬಿರುಕು ಬಿಟ್ಟಿತ್ತು. ರಿಪೇರಿಯವನು ಮುಚ್ಚಳ ಬಿಚ್ಚಿದ, ಮೂಗು ಹತ್ತಿರ ತಂದ, ನಮ್ಮ ಕಡೆ ತಿರುಗಿದ.

"ಸಾರ್, ಇದ್ರಲ್ಲಿ ಯಾರಾದ್ರೂ ಉಪ್ಪಿನಕಾಯಿ ಹಾಕಿದ್ರಾ?"

ಬಗ್ಗಿ ನೋಡಿದೆ. ವೈರಿನ ತಾಮ್ರದ ತುದಿಗಳು ಕಿಲುಬು ಹಿಡಿದು ಹಸಿರಾಗಿದ್ದವು. ಒಂದಂತೂ ಸವೆದು ತುಂಡಾಗಿತ್ತು. ಸುತ್ತ ಒಣಗಿ ಗಟ್ಟಿಯಾದ ಕೆಂಪನೆಯ ಹಕ್ಕಳೆ. ಮೂಲೆಯಲ್ಲಿ ಒಂದು ಬಿಳಿಚಿದ ಬೀಜ.

ಹಬ್ಬದ ದಿನ ಕುಂಕುಮ ತುಂಬಿದ ನಿಂಬೆಹೋಳನ್ನು ಅವ್ವ ಎಲ್ಲಿಟ್ಟಿದ್ದಳೆಂಬುದು ನಮಗೆಲ್ಲ ಒಟ್ಟಿಗೇ ನೆನಪಾಗಿರಬೇಕು. ಅವ್ವ ಹಿಂದಿನಿಂದ ಕತ್ತು ಚಾಚುತ್ತಿದ್ದಳು. ಅಷ್ಟರಲ್ಲಿ ಮೇಸ್ತ್ರಿ ಡಬ್ಬಿಗೆ ಅಡ್ಡವಾಗಿ ಬಂದು ನಿಂತ.

"ಮಳಿ ನೀರ ಹೋಗೇದ ಬಿಡ್ರೀ," ಅಂದ ಗಟ್ಟಿಯಾಗಿ. "ಮೊನ್ನಿ ಮಳಿ ಜೋರ ಇತ್ತಲ್ರೀ. ಮಳೀದಾ ಕೆಲಸ ಇದು."

ಬೆಳಗಿನಿಂದ ತಾನು ಹೊತ್ತುಕೊಂಡು ನಿಂತಿದ್ದ ಭಾರ ಇಳಿಯಿತೆಂದು ಅವನು ನಗಬಹುದಿತ್ತು. ಅದರ ಬದಲು, ತಪ್ಪು ನಮ್ಮವ್ವನ ತಲೆಗೆ ಬೀಳಬಾರದೆಂದು ಮಳೆಯ ತಲೆಗೆ ಕಟ್ಟುತ್ತಿದ್ದ.

ಅವ್ವ ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಡಬ್ಬಿಯೊಳಗೆ ಇಣುಕಿದಳು. ಬೀಜವನ್ನು ಎರಡು ಬೆರಳಿನಲ್ಲಿ ಎತ್ತಿಕೊಂಡಳು.

"ನಿಮ್ಮ ಸೀಮೇಲಿ ಮಳೆ ಜತೆ ನಿಂಬೆಬೀಜ ಉದುರ್ತದೇನೋ?"

ರಿಪೇರಿಯವನ ನಗು ಮೊದಲು ಸಿಡಿಯಿತು, ಆಮೇಲೆ ನಮ್ಮೆಲ್ಲರದೂ. ಅವ್ವನೂ ನಕ್ಕಳು, ಆದರೆ ಬೇಗ ನಿಲ್ಲಿಸಿದಳು. "ದೃಷ್ಟಿ ಆಗ್ದಿರ್ಲಿ ಅಂತ ಇಕ್ಕಿದ್ದು. ಮಟ್ಟಸವಾಗಿದೆ, ಉಳ್ಳೋಗಲ್ಲ ಅಂತ ಇದ್ರ ಮ್ಯಾಲೇ ಇಕ್ಕಿದೆ. ನಿಂಬೆ ಉಳಿಯೆಲ್ಲ ಒಳಕ್ಕೆ ಇಳಿದದೆ." ಬಳಿಕ ಮೇಸ್ತ್ರಿಯತ್ತ ತಿರುಗಿ, "ಮೊಳೆ ನಿಂದು, ನಿಂಬೆ ನಂದು. ಎರಡರಲ್ಲಿ ಯಾವ್ದು ಕೆಟ್ಟ ಕೆಲಸ ಮಾಡ್ತು ಅಂತ ನೋಡ್ದೆಯಲ್ಲ? ಓಗು, ಬ್ಯಾಗು ಬಿಚ್ಚು," ಅಂದಳು.

ಅವನು ಟವೆಲಿನಿಂದ ಮುಖ ಒರೆಸಿಕೊಂಡು ಕೆಳಗಿಳಿದ.

ರಿಪೇರಿಯವನು ಕೆಟ್ಟ ತುದಿಗಳನ್ನು ಕತ್ತರಿಸಿ, ಹೊಸದಾಗಿ ಜೋಡಿಸಿ, ನೀರು ಇಳಿಯದಂತಹ ಬೇರೆ ಡಬ್ಬಿ ಕೂರಿಸಿದ. ಮೇನ್ ಹಾಕಿದೆವು. ಅಷ್ಟರಲ್ಲಿ ಕೆಳಗಿಳಿದು ಪೆಟ್ಟಿಗೆಯ ಮುಂದೆ ನಿಂತಿದ್ದ ನನ್ನ ಹೆಂಡತಿ ಕೂಗಿ ಹೇಳಿದಳು: "ಅತ್ತೆ, ಮಾತಾಡ್ಕೊಂಡ್ವು! ನಂಬರ್ ಬಂತು!"

"ಸೊಸೆಯೇ ಮೊದ್ಲು ಮಾತಾಡಿರ್ಬೇಕು ಬಿಡು," ಎಂದು ಅವ್ವ ಮೇಲಿನಿಂದಲೇ ಕೂಗಿದಳು.

ನೀರು ಕಾದಾಗ ಹೊತ್ತು ನೆತ್ತಿಗೆ ಬಂದಿತ್ತು. ಹೊತ್ತು ಮೀರಿತೆಂದು ಅವ್ವ ಬಿಡಲಿಲ್ಲ. ಕೆಳಗೆ ನಮ್ಮ ಬಚ್ಚಲಿನಿಂದ ನೀರು ಬೀಸಿ ಹೊಯ್ಯುವ ಸದ್ದು, "ಯವ್ವಾ, ಸುಡತೈತ್ರೀ!" ಎಂಬ ಹುಡುಗಿಯ ಕೂಗು, "ಸುಡ್ಲಿ ಸುಮ್ಕಿರು, ಸೊಂಟ ಗಟ್ಟಿ ಆಯ್ತದೆ" ಎಂಬ ಅವ್ವನ ಉತ್ತರ ಹಜಾರದವರೆಗೆ ಕೇಳುತ್ತಿದ್ದವು. ಆಮೇಲೆ ಅವ್ವ ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡಳು; ಅದರ ಅಳು ಶುರುವಾಯಿತು. ಸಾಂಬ್ರಾಣಿ ಹೊಗೆ ಮೆಟ್ಟಿಲು ಹತ್ತುವಷ್ಟರಲ್ಲಿ ತಾಯಿ ಮಗು ಇಬ್ಬರೂ ನಿದ್ದೆ ಹೋಗಿದ್ದರು. ಸಂಜೆಯ ಬಸ್ಸು ಅವರಿಲ್ಲದೆಯೇ ಹೊರಟಿತು.

ಮುಂದಿನ ಆಯುಧಪೂಜೆಗೆ ಬಾಯ್ಲರಿಗೆ ಸಿಕ್ಕಿದ್ದು ಒಂದು ಮೊಳ ಸೇವಂತಿಗೆ ಮಾತ್ರ. ನಿಂಬೆಹಣ್ಣನ್ನು ಅವ್ವ ಮೇಸ್ತ್ರಿಯ ಕೈಗೆ ಕೊಟ್ಟಳು; ಅವನು ಅದನ್ನು ಗೇಟಿನಾಚೆ ತನ್ನ ಬೈಕಿನ ಚಕ್ರದ ಕೆಳಗಿಟ್ಟು ಹಾಯಿಸಿದ. ತಾರಸಿಯಲ್ಲಿ ಅಂಬೆಗಾಲಿಡುತ್ತಿದ್ದ ಮಗು ಉದುರಿದ ಸೇವಂತಿಗೆ ಎಸಳನ್ನು ಬಾಯಿಗೆ ಹಾಕಿಕೊಂಡಿತು. ಅವ್ವ ಬೆರಳು ಹಾಕಿ ತೆಗೆದಳು.